ಪಡಸಾಲೆಯ ಮಾತು, ಅಡುಗೆಮನೆಯ ಮಾತು

ಪ್ರಶ್ನೆ: ನಾನು ಧಾರವಾಡದ ಪದವಿ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಈ ವರ್ಷ ಅಮೆರಿಕದ ಕಪ್ಪು ಜನರ ಕುರಿತ ಮೂರು ಸಾಕ್ಷ್ಯಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿದೆ. ಮೂರೂ ನಾಗರಿಕ ಹಕ್ಕುಗಳ ಚಳವಳಿಗೆ ಸಂಬಂಧಿಸಿದವು. ಕೊನೆಯದು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಮೇಡಂ, ಇವರೆಲ್ಲರ ಬದುಕೂ ಒಂದೇ ಥರವೇ? ಗುಲಾಮಗಿರಿ, ಮೆರವಣಿಗೆ, ಗುಂಡೇಟು, ಇಷ್ಟೇ ಏನು?" ಎಂದು ಕೇಳಿದಳು. ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಕಪ್ಪು ಜನರ ಅಸ್ಮಿತೆಯ ಒಳಗಿನ ವೈವಿಧ್ಯವನ್ನು ತೋರಿಸುವ ಸಾಕ್ಷ್ಯಚಿತ್ರಗಳು ಯಾವುವು? ಅವನ್ನು ಹೇಗೆ ನೋಡಬೇಕು?

ಉತ್ತರ: ನಿಮ್ಮ ವಿದ್ಯಾರ್ಥಿನಿಗೆ ಮೊದಲು ನನ್ನ ಮೆಚ್ಚುಗೆ ತಿಳಿಸಿ. ಅವಳು ಕೇಳಿದ್ದನ್ನೇ ಕಪ್ಪು ನಿರ್ದೇಶಕರು ದಶಕಗಳಿಂದ ತಮ್ಮೊಳಗೆ ಕೇಳಿಕೊಳ್ಳುತ್ತ ಬಂದಿದ್ದಾರೆ.

ನಮ್ಮ ಹಳೆಯ ಮನೆಗಳನ್ನು ನೆನಪಿಸಿಕೊಳ್ಳಿ. ನೆಂಟರು ಬಂದಾಗ ಪಡಸಾಲೆಯಲ್ಲಿ ಒಂದು ಮಾತು ನಡೆಯುತ್ತದೆ. ಮನೆಯವರೆಲ್ಲ ಒಂದೇ ಧ್ವನಿಯಲ್ಲಿ ಮಾತನಾಡುತ್ತಾರೆ, ಮನೆಯ ಮಾನ ಕಾಯುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಇನ್ನೊಂದು ಮಾತು ನಡೆಯುತ್ತಿರುತ್ತದೆ. ಅಲ್ಲಿ ಅತ್ತಿಗೆಗೆ ಆದ ಅನ್ಯಾಯ, ಚಿಕ್ಕಪ್ಪನ ಸಿಟ್ಟು, ಮಗಳ ಮೈಬಣ್ಣದ ಬಗ್ಗೆ ಅಜ್ಜಿಯ ಕೊಂಕು ಎಲ್ಲವೂ ಹೊರಬರುತ್ತವೆ. ಕಪ್ಪು ಜನರ ಬಗ್ಗೆ ಬಂದ ಸಾಕ್ಷ್ಯಚಿತ್ರಗಳನ್ನೂ ಹೀಗೆ ಎರಡಾಗಿ ನೋಡಬಹುದು. ನೀವು ತೋರಿಸಿದವು ಪಡಸಾಲೆಯ ಚಿತ್ರಗಳು. ಹಾಗೆಂದು ಅವು ಕಡಿಮೆಯವಲ್ಲ. ಹೆನ್ರಿ ಹ್ಯಾಂಪ್ಟನ್ 1987ರಲ್ಲಿ ಮತ್ತು 1990ರಲ್ಲಿ ಎರಡು ಭಾಗಗಳಾಗಿ ಹೊರತಂದ 'ಐಸ್ ಆನ್ ದ ಪ್ರೈಜ್' ಎಂಬ 14 ಕಂತುಗಳ ಸರಣಿಯನ್ನು ನಾನು ಇಂದಿಗೂ ಗೌರವದಿಂದ ನೋಡುತ್ತೇನೆ. ಚಳವಳಿಯನ್ನು ಅನುಮಾನಿಸುತ್ತಿದ್ದ ದೇಶದ ಮುಂದೆ ಸಾಕ್ಷಿ ನುಡಿಯಬೇಕಾದ ಹೊಣೆ ಅದರ ಮೇಲಿತ್ತು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ನಿಂತವನು ತನ್ನ ಮನೆಯ ಜಗಳವನ್ನು ಎತ್ತುವುದಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ಎಲ್ಲವೂ ಒಂದೇ ಥರ ಕಂಡದ್ದಕ್ಕೆ ಕಾರಣ ಇದು.

ಅಡುಗೆಮನೆಯ ಬಾಗಿಲು ತೆರೆದವರಲ್ಲಿ ನಾನು ಮೊದಲು ಹೆಸರಿಸುವುದು ಮಾರ್ಲನ್ ರಿಗ್ಸ್ ಅವರನ್ನು. 1957ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದವರು, ಹೆತ್ತವರಿಗೆ ಸೇನೆಗೆ ಸಂಬಂಧಿಸಿದ ಕೆಲಸವಿದ್ದುದರಿಂದ ಜಾರ್ಜಿಯಾದಲ್ಲೂ ಜರ್ಮನಿಯಲ್ಲೂ ಬೆಳೆದವರು, ಹಾರ್ವರ್ಡ್‌ನಲ್ಲಿ ಇತಿಹಾಸ ಓದಿ ಮುಂದೆ ಬರ್ಕ್ಲಿಯಲ್ಲಿ ಪತ್ರಿಕೋದ್ಯಮ ಕಲಿಸಿದವರು. ಅವರ 'ಎತ್ನಿಕ್ ನೋಷನ್ಸ್' 1986ರಲ್ಲಿ ಬಂತು. ಬಿಸ್ಕತ್ತಿನ ಡಬ್ಬಿ, ಉಪ್ಪಿನ ಕುಡಿಕೆ, ಅಂಚೆ ಕಾರ್ಡು, ಮಕ್ಕಳ ಆಟಿಕೆ, ಇಂಥ ದಿನಬಳಕೆಯ ವಸ್ತುಗಳ ಮೇಲೆ ಬಿಳಿಯ ಅಮೆರಿಕ ಮುದ್ರಿಸಿಟ್ಟ ಕಪ್ಪು ಮುಖಗಳನ್ನು ಅದು ಒಂದೊಂದಾಗಿ ಕೈಗೆತ್ತಿಕೊಂಡು ತೋರಿಸುತ್ತದೆ. ದಪ್ಪನೆಯ, ಸದಾ ನಗುವ ಅಡುಗೆಯಾಕೆ, ಹಲ್ಲುಕಿರಿಯುವ ಸೋಮಾರಿ, ಕಣ್ಣರಳಿಸಿದ ಕೊಳಕು ಮಗು. ಇದು ಹೊರಗಿನವರು ಬರೆದ ಕಪ್ಪು. ಅದನ್ನು ಅಳಿಸಿ ಹಾಕಿದ ಮೇಲೆ ಅಲ್ಲಿ ಯಾರ ಮುಖ ಬರೆಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ರಿಗ್ಸ್ ಅವರ ಮುಂದಿನ ಕೆಲಸವೆಲ್ಲ ಆ ಪ್ರಶ್ನೆಯ ಸುತ್ತಲೇ ನಡೆಯಿತು.

1989ರ 'ಟಂಗ್ಸ್ ಅನ್‌ಟೈಡ್' ಒಂದು ಗಂಟೆಗೂ ಕಡಿಮೆ ಅವಧಿಯದು. ರಿಗ್ಸ್ ಸಲಿಂಗಿಯಾಗಿದ್ದರು. ಚಿತ್ರದಲ್ಲಿ ಅವರು ಕ್ಯಾಮೆರಾದತ್ತ ನೇರವಾಗಿ ನೋಡುತ್ತ ತಮ್ಮ ಬಾಲ್ಯ ಹೇಳಿಕೊಳ್ಳುವಾಗ, ನಡುನಡುವೆ ಬರೀ ಬಾಯಿಗಳು ಪರದೆ ತುಂಬುತ್ತವೆ. ತುಟಿ, ಹಲ್ಲು, ಅವುಗಳಿಂದ ಸಿಡಿಯುವ ಒಂದೊಂದೇ ಬೈಗುಳ. ಬಿಳಿಯ ಬಾಯಿ ಅವರ ಬಣ್ಣಕ್ಕೆ ಬೈಯುತ್ತದೆ, ಕಪ್ಪು ಬಾಯಿ ಅವರ ನಡೆನುಡಿಗೆ ಬೈಯುತ್ತದೆ. ಮುಂದೆ ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿಗಳ ಬಡಾವಣೆಗೆ ಹೋದರೆ ಅಲ್ಲಿನ ಅಂಗಡಿ, ಪುಸ್ತಕ, ಗೋಡೆಚಿತ್ರ ಎಲ್ಲವೂ ಬಿಳಿ. ತನ್ನಂಥ ಒಂದು ಮುಖವೂ ಇಲ್ಲ. ಎರಡು ಮನೆಗಳಲ್ಲೂ ಅವರಿಗೆ ಮಣೆ ಹಾಕುವವರಿಲ್ಲ. ಕಪ್ಪು ಗಂಡಸು ಕಪ್ಪು ಗಂಡಸನ್ನು ಪ್ರೀತಿಸುವುದೇ ಕ್ರಾಂತಿ ಎಂದು ಚಿತ್ರ ಕೊನೆಗೆ ಸಾರುತ್ತದೆ. ಆದರೆ ರಿಗ್ಸ್ ಅವರ ಸಂಗಾತಿ ಬಿಳಿಯರು. ಇದನ್ನು ಎತ್ತಿ ಆಡಿದವರೂ ಇದ್ದರು. ನನಗೆ ಅದರಲ್ಲಿ ಬೂಟಾಟಿಕೆ ಕಾಣುವುದಿಲ್ಲ. ಮನುಷ್ಯನ ಹಂಬಲವೂ ಅವನ ಬದುಕೂ ಸದಾ ಒಂದೇ ಗೆರೆಯಲ್ಲಿ ನಡೆಯುವುದಿಲ್ಲ. ಚಿತ್ರ 1991ರಲ್ಲಿ ಸಾರ್ವಜನಿಕ ದೂರದರ್ಶನದಲ್ಲಿ ಬರುವುದೆಂದು ಗೊತ್ತಾದಾಗ ಹಲವು ಕೇಂದ್ರಗಳು ಪ್ರಸಾರಕ್ಕೆ ಒಪ್ಪಲಿಲ್ಲ. ಮರುವರ್ಷ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟಿದ್ದ ಪ್ಯಾಟ್ ಬ್ಯುಕಾನನ್, ಅದರ ತುಣುಕುಗಳನ್ನು ತಮ್ಮ ಚುನಾವಣಾ ಜಾಹೀರಾತಿಗೆ ಬಳಸಿಕೊಂಡು ಸರ್ಕಾರಿ ಅನುದಾನದ ವಿರುದ್ಧ ಕೂಗೆಬ್ಬಿಸಿದರು. 2022ರಲ್ಲಿ ಅದೇ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು.

ನಿಮ್ಮ ಪ್ರಶ್ನೆಗೆ ಎದುರೆದುರೇ ಉತ್ತರ ಕೊಡುವುದು ಅವರ ಕೊನೆಯ ಚಿತ್ರ, 'ಬ್ಲ್ಯಾಕ್ ಈಸ್... ಬ್ಲ್ಯಾಕ್ ಏಂಟ್'. ಕಪ್ಪು ಎಂದರೆ ಇದು, ಕಪ್ಪು ಎಂದರೆ ಇದಲ್ಲ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಹೆಸರು. ರಾಲ್ಫ್ ಎಲಿಸನ್ ಅವರ 1952ರ ಕಾದಂಬರಿಯ ಆರಂಭದಲ್ಲಿ ಬರುವ ಪ್ರವಚನವೊಂದರಲ್ಲಿ ಈ ಮಾತುಗಳಿವೆ. ಚಿತ್ರ ತಯಾರಾಗುತ್ತಿದ್ದಾಗ ರಿಗ್ಸ್ ಏಡ್ಸ್‌ನಿಂದ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆಯ ಮಂಚದ ಮೇಲಿಂದಲೇ ಕ್ಯಾಮೆರಾಕ್ಕೆ ಮಾತನಾಡುತ್ತಾರೆ. ಮುಖ ಬತ್ತಿದೆ, ಕಣ್ಣು ದೊಡ್ಡದಾಗಿದೆ, ಮಾತಿನಲ್ಲಿ ಮಾತ್ರ ಎಲ್ಲಿಲ್ಲದ ಅವಸರ. ಕೆಲಸ ಇರುವವರೆಗೆ ಸಾವು ತನ್ನನ್ನು ಮುಟ್ಟದು ಎಂಬಂತೆ ದುಡಿಯುತ್ತಾರೆ. 1994ರ ಏಪ್ರಿಲ್‌ನಲ್ಲಿ, 37ನೇ ವಯಸ್ಸಿನಲ್ಲಿ, ಚಿತ್ರ ಮುಗಿಯುವ ಮೊದಲೇ ತೀರಿಕೊಂಡರು. ಅವರ ಟಿಪ್ಪಣಿಗಳನ್ನೂ ಚಿತ್ರೀಕರಿಸಿದ್ದ ಭಾಗಗಳನ್ನೂ ಜೋಡಿಸಿ ಸಹೋದ್ಯೋಗಿಗಳು ಅದನ್ನು ಪೂರ್ತಿ ಮಾಡಿದರು.

ಇಡೀ ಚಿತ್ರವನ್ನು ಹಿಡಿದಿಟ್ಟಿರುವುದು ಒಂದು ಅಡುಗೆ: ಗಂಬೊ. ಲೂಸಿಯಾನದ ಕಡೆಯ ಗಟ್ಟಿಸಾರು ಎನ್ನಬಹುದು. ರಿಗ್ಸ್ ತಮ್ಮ ಅಜ್ಜಿಯ ಕೈಯ ಗಂಬೊವನ್ನು ನೆನೆಯುತ್ತಾರೆ, ಪಾತ್ರೆಗೆ ಒಂದೊಂದೇ ಪದಾರ್ಥ ಬೀಳುವುದನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆ. ಹಿಟ್ಟನ್ನು ಕೊಬ್ಬಿನಲ್ಲಿ ಕಂದು ಬಣ್ಣ ಬರುವತನಕ ಕೈಬಿಡದೆ ಹುರಿಯುವ ಪದ್ಧತಿ ಫ್ರೆಂಚರದು. ಸಾರನ್ನು ಗಟ್ಟಿ ಮಾಡುವ ಸ್ಯಾಸಫ್ರಾಸ್ ಎಲೆಯ ಪುಡಿ ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರದು. ಬೆಂಡೆಕಾಯಿ ಆಫ್ರಿಕಾದ್ದು, ಗಂಬೊ ಎಂಬ ಹೆಸರೇ ಬೆಂಡೆಗೆ ಇದ್ದ ಆಫ್ರಿಕನ್ ಹೆಸರಿನಿಂದ ಬಂದದ್ದು. ಮೇಲೆ ಸಿಗಡಿ, ಏಡಿ, ಮಾಂಸ, ಮನೆಯಲ್ಲಿ ಏನಿದೆಯೋ ಅದು. ಬೆಂಡೆಕಾಯಿ ಗೊಜ್ಜು ಮಾಡಿದವರಿಗೆ ಗೊತ್ತು, ಅದರ ಲೋಳೆ ಎಲ್ಲವನ್ನೂ ಒಂದಕ್ಕೊಂದು ಅಂಟಿಸುತ್ತದೆ, ಆದರೆ ಹೋಳುಗಳು ಹೋಳುಗಳಾಗಿಯೇ ಇರುತ್ತವೆ. ಗಂಬೊದಲ್ಲೂ ಏಡಿಯ ರುಚಿ ಏಡಿಗೇ, ಮಾಂಸದ ರುಚಿ ಮಾಂಸಕ್ಕೇ. ರಿಗ್ಸ್ ತಮ್ಮ ಜನರನ್ನು ನೋಡಿದ ಬಗೆ ಇದು.

ಪಾತ್ರೆಯೊಳಗೆ ಯಾರು ಯಾರಿದ್ದಾರೆ ನೋಡಿ. ತಿಳಿಬಣ್ಣದವರು ಕಡುಬಣ್ಣದವರನ್ನು ಕೀಳಾಗಿ ಕಂಡ ನೋವು ಅಲ್ಲಿದೆ. ಚರ್ಚಿನ ಭಕ್ತಿ ಇದೆ, ಅದೇ ಚರ್ಚಿನಿಂದ ಹೊರದೂಡಲ್ಪಟ್ಟ ಸಲಿಂಗಿಗಳ ಸಂಕಟವೂ ಇದೆ. ಗಂಡಸುತನವೇ ಕಪ್ಪು ಜನರ ಬಿಡುಗಡೆಯ ದಾರಿ ಎಂದು ನಂಬಿದ ನಾಯಕರ ಚಳವಳಿಯಲ್ಲಿ ಹೆಂಗಸರು ಎಲ್ಲಿ ನಿಂತಿದ್ದರು ಎಂದು ಏಂಜೆಲಾ ಡೇವಿಸ್, ಬೆಲ್ ಹುಕ್ಸ್, ಮಿಶೆಲ್ ವಾಲೆಸ್, ಬಾರ್ಬರಾ ಸ್ಮಿತ್ ಅವರಂಥ ಚಿಂತಕಿಯರು ಕಡ್ಡಿ ಮುರಿದಂತೆ ಹೇಳುತ್ತಾರೆ. ತತ್ತ್ವಚಿಂತಕ ಕಾರ್ನೆಲ್ ವೆಸ್ಟ್, ಒಂದೇ ಒಂದು ಕಪ್ಪು ಸಮುದಾಯ ಎಂಬುದು ಇಲ್ಲ, ನಾವು ಏಕಕಾಲಕ್ಕೆ ಹಲವು ಸಮುದಾಯಗಳ ಒಳಗೂ ಹೊರಗೂ ಓಡಾಡುತ್ತೇವೆ ಎನ್ನುತ್ತಾರೆ. ನಡುವೆ ರಿಗ್ಸ್ ಬೆತ್ತಲೆಯಾಗಿ ಕಾಡಿನ ಮರಗಳ ನಡುವೆ ಓಡುವ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಮೈಮೇಲೆ ಯಾವ ಗುರುತೂ ಇಲ್ಲದೆ ಓಡುವ ಆ ಬರಿಮೈಯನ್ನು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಒಬ್ಬ ಮನುಷ್ಯ ತನ್ನ ಜನರನ್ನು ಇಷ್ಟು ಪ್ರೀತಿಸುತ್ತ ಇಷ್ಟು ಖಾರವಾಗಿ ಪ್ರಶ್ನಿಸಿದ ಇನ್ನೊಂದು ಸಾಕ್ಷ್ಯಚಿತ್ರವನ್ನು ನಾನು ಕಂಡಿಲ್ಲ.

ಇಲ್ಲಿ ಪದದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಕನ್ನಡದಲ್ಲಿ ಪಾಠ ಮಾಡುವ ನಿಮಗೆ ಇದು ದಿನನಿತ್ಯದ ತೊಡಕು. ನಮ್ಮ ಹಳೆಯ ಪುಸ್ತಕಗಳು 'ನೀಗ್ರೋ' ಎಂದವು, ಪತ್ರಿಕೆಗಳು 'ಕಪ್ಪು ವರ್ಣೀಯ' ಎನ್ನುತ್ತವೆ. 'ಕರಿಯ' ಎಂಬುದು ನಮ್ಮಲ್ಲಿ ಮನೆದೇವರ ಹೆಸರಿನಿಂದ ಬಂದ ಹೆಸರೂ ಹೌದು, ಬೀದಿಯ ಬೈಗುಳವೂ ಹೌದು. ಅಮೆರಿಕದಲ್ಲೂ ಈ ಪದದ ಹಗ್ಗಜಗ್ಗಾಟ ನಡೆದಿದೆ. ಷಾರ್ಲೇನ್ ಹಂಟರ್ ಎಂಬ ವರದಿಗಾರ್ತಿ, 1961ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ಮೊದಲ ಇಬ್ಬರು ಕಪ್ಪು ವಿದ್ಯಾರ್ಥಿಗಳಲ್ಲಿ ಒಬ್ಬರು, ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ವರದಿಯಲ್ಲಿ 'ಬ್ಲ್ಯಾಕ್' ಎಂದಿದ್ದರೆ ಸಂಪಾದಕರು ಅದನ್ನು 'ನೀಗ್ರೋ' ಎಂದು ತಿದ್ದಿದರು. ಅವರು ಪುಟಗಟ್ಟಲೆ ಪತ್ರ ಬರೆದು ಜಗಳ ತೆಗೆದು, ತಮ್ಮ ಪದವನ್ನು ಉಳಿಸಿಕೊಂಡರು. ಈ ಪ್ರಸಂಗವನ್ನು ಅವರೇ ಹೇಳುವುದು 2021ರ 'ಸಮ್ಮರ್ ಆಫ್ ಸೋಲ್' ಚಿತ್ರದಲ್ಲಿ.

ಆ ಚಿತ್ರವನ್ನು ನಿಮ್ಮ ಮಕ್ಕಳು ಖಂಡಿತ ಇಷ್ಟಪಡುತ್ತಾರೆ. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಉದ್ಯಾನವೊಂದರಲ್ಲಿ ಆರು ಭಾನುವಾರ ಉಚಿತ ಸಂಗೀತೋತ್ಸವ ನಡೆಯಿತು. ಹಾಲ್ ಟುಲ್ಚಿನ್ ಎಂಬವರು ಅದನ್ನು ಸುಮಾರು 40 ಗಂಟೆಗಳಷ್ಟು ಚಿತ್ರೀಕರಿಸಿದರು, ಕೊಳ್ಳುವವರಿಲ್ಲದೆ ಆ ಸುರುಳಿಗಳು 50 ವರ್ಷ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಕ್ವೆಸ್ಟ್‌ಲವ್ ಎಂದೇ ಪರಿಚಿತರಾದ ಸಂಗೀತಗಾರ ಅಮೀರ್ ಥಾಂಪ್ಸನ್ ಅವನ್ನು ಚಿತ್ರವಾಗಿಸಿದರು, 2022ರಲ್ಲಿ ಆಸ್ಕರ್ ಬಂತು. ಒಂದೇ ವೇದಿಕೆಯ ಮೇಲೆ ಮಹೇಲಿಯಾ ಜಾಕ್ಸನ್ ಅವರ ದೇವರ ಹಾಡು, ನೀನಾ ಸಿಮೋನ್ ಅವರ ಕೆಂಡದಂಥ ಸಿಟ್ಟು, ರೇ ಬರೆಟ್ಟೊ ಮತ್ತು ಮೊಂಗೊ ಸಾಂಟಾಮರಿಯಾ ಅವರ ಕೆರಿಬಿಯನ್ ತಾಳ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಜುಲೈ 20ರಂದೂ ಅಲ್ಲಿ ಜನಸಾಗರ. ಸುದ್ದಿಗಾರರು ಕೇಳಿದರೆ, ಚಂದ್ರಯಾನಕ್ಕೆ ಸುರಿದ ದುಡ್ಡನ್ನು ಇಲ್ಲಿ ಹಸಿದವರಿಗೆ ಖರ್ಚು ಮಾಡಬಹುದಿತ್ತು ಎಂದು ಜನ ಹೇಳುತ್ತಾರೆ.

ತರಗತಿಯಲ್ಲಿ ನಿಲ್ಲಿಸಿ ತೋರಿಸಬೇಕಾದ ದೃಶ್ಯ ಮಾತ್ರ ಬೇರೆ. 'ಫಿಫ್ತ್ ಡೈಮೆನ್ಷನ್' ತಂಡದ ಗಾಯಕಿ ಮೆರಿಲಿನ್ ಮೆಕೂ ಮತ್ತು ಅವರ ಪತಿ, ಅದೇ ತಂಡದ ಬಿಲ್ಲಿ ಡೇವಿಸ್, ತಮ್ಮ ಹಳೆಯ ಕಾರ್ಯಕ್ರಮವನ್ನು ಇಳಿವಯಸ್ಸಿನಲ್ಲಿ ಪರದೆಯ ಮೇಲೆ ನೋಡುತ್ತಾರೆ. ಆ ತಂಡದ ಹಾಡುಗಾರಿಕೆ ಸಾಕಷ್ಟು ಕಪ್ಪಾಗಿಲ್ಲ, ಬಿಳಿಯರ ಥರ ಇದೆ ಎಂಬ ಟೀಕೆ ಆಗ ಇತ್ತು. ಕಂಠಕ್ಕೆ ಬಣ್ಣ ಕಟ್ಟುವುದೆಂದರೇನು ಎಂದು ಆಕೆ ಕೇಳುತ್ತಾರೆ. ಹಾರ್ಲೆಮ್‌ನ ಜನ ತಮ್ಮನ್ನು ತಮ್ಮವರೆಂದು ಒಪ್ಪಿಕೊಂಡ ಆ ದಿನವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಅರ್ಧ ಶತಮಾನ ಕಳೆದರೂ ಆ ಗಾಯ ಹಸಿಯಾಗಿದೆ. ದೊಡ್ಡ ಹೆಸರು, ದುಡ್ಡು, ಪ್ರಶಸ್ತಿ ಎಲ್ಲ ಬಂದ ಮೇಲೂ, ನಮ್ಮವರು ನನ್ನನ್ನು ನಮ್ಮವಳು ಎನ್ನುತ್ತಾರೋ ಇಲ್ಲವೋ ಎಂಬ ಅಳುಕು ಹೋಗಿಲ್ಲ. ನಿಮ್ಮ ವಿದ್ಯಾರ್ಥಿನಿಗೆ ಬೇಕಾದ ಉತ್ತರ ಆ ಎರಡು ಮೂರು ನಿಮಿಷಗಳಲ್ಲಿದೆ.

ಚಳವಳಿಯನ್ನೇ ಬೇರೆ ಕೋನದಿಂದ ತೋರಿಸಬೇಕೆಂದರೆ ಮ್ಯಾಡ್ಲಿನ್ ಆ್ಯಂಡರ್ಸನ್ ಅವರ 'ಐ ಆ್ಯಮ್ ಸಮ್‌ಬಡಿ' ಇದೆ. 1970ರದು, ಅರ್ಧ ಗಂಟೆಯದು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸುಮಾರು 400 ಆಸ್ಪತ್ರೆ ಕೆಲಸಗಾರರು, ಬಹುಪಾಲು ಕಪ್ಪು ಹೆಂಗಸರು, 1969ರಲ್ಲಿ ನೂರಕ್ಕೂ ಹೆಚ್ಚು ದಿನ ಮುಷ್ಕರ ಹೂಡಿದ ಕಥೆ. ಹಿನ್ನೆಲೆಯ ಧ್ವನಿ ಮುಷ್ಕರದಲ್ಲಿದ್ದ ಹೆಣ್ಣುಮಗಳೊಬ್ಬಳದೇ. ಸಂಬಳ, ಸಂಘ ಕಟ್ಟುವ ಹಕ್ಕು, ಮನೆಯಲ್ಲಿ ಮಕ್ಕಳು ಎಲ್ಲವೂ ಅವಳ ಮಾತಿನಲ್ಲಿ ಒಟ್ಟಿಗೇ ಬರುತ್ತವೆ. ಬಣ್ಣದ ಹೋರಾಟ, ಕೂಲಿಯ ಹೋರಾಟ, ಹೆಣ್ಣಿನ ಹೋರಾಟ ಎಂದು ಅವಳು ಬೇರೆ ಬೇರೆ ಗಂಟು ಕಟ್ಟುವುದಿಲ್ಲ.

ಬ್ರಿಟನ್ನಿಗೆ ಬಂದರೆ ಕಥೆ ನಮ್ಮ ಅಂಗಳಕ್ಕೂ ತಾಗುತ್ತದೆ. ಅಲ್ಲಿ 1970 ಮತ್ತು 80ರ ದಶಕಗಳಲ್ಲಿ 'ಬ್ಲ್ಯಾಕ್' ಎಂಬ ರಾಜಕೀಯ ಪದದೊಳಗೆ ಆಫ್ರಿಕಾ ಮತ್ತು ಕೆರಿಬಿಯನ್ ಮೂಲದವರ ಜೊತೆಗೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದಿಂದ ಬಂದವರೂ ಸೇರುತ್ತಿದ್ದರು. 1979ರಲ್ಲಿ ಹುಟ್ಟಿದ ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಘಟನೆಯ ಹೆಸರೇ ಇದಕ್ಕೆ ಸಾಕ್ಷಿ. 1985ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್‌ನಲ್ಲಿ ಗಲಭೆ ಎದ್ದಿತು, ಅಂಚೆ ಕಚೇರಿಗೆ ಬಿದ್ದ ಬೆಂಕಿಯಲ್ಲಿ ಏಷ್ಯಾ ಮೂಲದ ಇಬ್ಬರು ಸಹೋದರರು ಸತ್ತರು. ಎಲ್ಲರನ್ನೂ ಒಂದೇ ಕೊಡೆಯಡಿ ತಂದಿದ್ದ ಪದಕ್ಕೆ ಇದು ಕಠಿಣ ಪರೀಕ್ಷೆ. ಮರುವರ್ಷ ಬ್ಲ್ಯಾಕ್ ಆಡಿಯೊ ಫಿಲ್ಮ್ ಕಲೆಕ್ಟಿವ್ ಎಂಬ ಯುವಕ ಯುವತಿಯರ ಗುಂಪು 'ಹ್ಯಾಂಡ್ಸ್‌ವರ್ತ್ ಸಾಂಗ್ಸ್' ತಂದಿತು, ನಿರ್ದೇಶನ ಘಾನಾದಲ್ಲಿ ಹುಟ್ಟಿದ ಜಾನ್ ಅಕೊಮ್ಫ್ರಾ ಅವರದು. ಅದು ಗಲಭೆಯ ವರದಿ ಮಾಡುವುದಿಲ್ಲ. ಹಡಗಿನಿಂದ ಇಳಿದ ಮೊದಲ ತಲೆಮಾರಿನ ಹಳೆಯ ತುಣುಕುಗಳು, ಕಾರ್ಖಾನೆಯ ಸದ್ದು, ಬೀದಿಯ ಪೊಲೀಸರು, ಎಲ್ಲವನ್ನೂ ಕನಸಿನ ತರ್ಕದಲ್ಲಿ ಹೆಣೆಯುತ್ತದೆ. ಸಲ್ಮಾನ್ ರಶ್ದಿ ಪತ್ರಿಕೆಯಲ್ಲಿ ಬರೆದು, ಇಲ್ಲಿ ಜನರ ನಿಜವಾದ ಕಥೆಗಳೇ ಇಲ್ಲ ಎಂದು ಆಕ್ಷೇಪಿಸಿದರು. ಹೊಸ ಭಾಷೆ ಹುಡುಕುವ ಕಷ್ಟ ರಶ್ದಿಗೆ ಕಾಣಲಿಲ್ಲ ಎಂದು ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ಚಿತ್ರದ ಪರ ನಿಂತರು. ನನಗೆ ರಶ್ದಿಯ ಆಕ್ಷೇಪದಲ್ಲಿ ಹುರುಳು ಕಂಡರೂ, ಹಾಲ್ ಅವರ ಪಕ್ಷವೇ ಸರಿ ಎನಿಸುತ್ತದೆ. ಕಥೆ ಸುಲಭವಾಗಿ ಹೇಳಿಬಿಟ್ಟರೆ ಅದು ಮತ್ತೆ ಪಡಸಾಲೆಯ ಮಾತಾಗುತ್ತಿತ್ತು.

ಈ ಹಾಲ್ ಅವರ ಬದುಕೇ ನಿಮಗೆ ಒಂದು ಪಾಠವಾಗಬಲ್ಲದು. 1932ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದವರು, ಮನೆಯಲ್ಲಿ ಎಲ್ಲರಿಗಿಂತ ಕಪ್ಪಗಿದ್ದ ಮಗು. ಬಹುಪಾಲು ಎಲ್ಲರೂ ಕಪ್ಪಗಿದ್ದ ಆ ನಾಡಿನಲ್ಲಿ ತನ್ನನ್ನು ಕಪ್ಪು ಎಂದು ಕರೆದುಕೊಂಡವರನ್ನು ತಾನು ಬಾಲ್ಯದಲ್ಲಿ ಕಂಡಿರಲೇ ಇಲ್ಲ ಎಂದು ಅವರು ಹೇಳಿದ್ದಾರೆ. ಬಣ್ಣದ ಹತ್ತಾರು ಛಾಯೆಗಳಿಗೆ ಹತ್ತಾರು ಹೆಸರಿದ್ದವು, ಆದರೆ ಒಟ್ಟಾಗಿ 'ನಾವು ಕಪ್ಪು ಜನ' ಎಂಬ ಮಾತು ಹುಟ್ಟಿರಲಿಲ್ಲ. ಅಂದರೆ ಕಪ್ಪು ಎಂಬುದು ಚರ್ಮದಲ್ಲಿ ತಾನಾಗಿ ಇರುವುದಲ್ಲ, ಇತಿಹಾಸದ ಒಂದು ಗಳಿಗೆಯಲ್ಲಿ ಜನ ಕಟ್ಟಿಕೊಂಡದ್ದು ಎಂದು ಅವರು ವಾದಿಸಿದರು. ಕಟ್ಟಿಕೊಂಡದ್ದು ಎಂದ ಮಾತ್ರಕ್ಕೆ ಸುಳ್ಳಲ್ಲ. ಮನೆಯನ್ನೂ ಕಟ್ಟಿಯೇ ಇರುತ್ತೇವೆ, ಮಳೆ ಬಂದಾಗ ಅದೇ ಕಾಯುತ್ತದೆ. ಅಕೊಮ್ಫ್ರಾ 2013ರಲ್ಲಿ 'ದ ಸ್ಟುವರ್ಟ್ ಹಾಲ್ ಪ್ರಾಜೆಕ್ಟ್' ಎಂಬ ಚಿತ್ರ ಮಾಡಿದ್ದಾರೆ, ಎಂ.ಎ. ತರಗತಿಯವರಿಗೆ ಅದನ್ನು ತೋರಿಸಬಹುದು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ವಾದವೇ ಇಲ್ಲದ ಚಿತ್ರಗಳೂ ವೈವಿಧ್ಯವನ್ನು ತೋರಿಸಬಲ್ಲವು. ರಮೆಲ್ ರಾಸ್ ಅವರ 'ಹೇಲ್ ಕೌಂಟಿ ದಿಸ್ ಮಾರ್ನಿಂಗ್, ದಿಸ್ ಈವ್ನಿಂಗ್' 2018ರದು. ಅಲಬಾಮಾದ ಈ ಜಿಲ್ಲೆಯಲ್ಲಿ 1936ರಲ್ಲಿ ವಾಕರ್ ಇವಾನ್ಸ್ ಎಂಬ ಛಾಯಾಗ್ರಾಹಕರು ಬಡ ಗೇಣಿದಾರರ ಪ್ರಸಿದ್ಧ ಚಿತ್ರಗಳನ್ನು ತೆಗೆದರು. ಬಹುಸಂಖ್ಯಾತರು ಕಪ್ಪು ಜನರಾಗಿದ್ದ ಊರಿನಲ್ಲಿ ಅವರು ಆರಿಸಿಕೊಂಡ ಕುಟುಂಬಗಳು ಬಿಳಿಯರವು. ರಾಸ್ ಅಲ್ಲಿಗೆ ಪಾಠ ಹೇಳಲು, ಬ್ಯಾಸ್ಕೆಟ್‌ಬಾಲ್ ಕಲಿಸಲು ಹೋದವರು. ಜನರೊಡನೆ ಬದುಕುತ್ತ ವರ್ಷಗಟ್ಟಲೆ ಚಿತ್ರೀಕರಿಸಿದರು. ಅದರಲ್ಲಿ ಒಂದು ಪುಟ್ಟ ಮಗು ಮನೆಯ ಕೋಣೆಯಲ್ಲಿ ಕ್ಯಾಮೆರಾದತ್ತ ಓಡಿಬರುತ್ತದೆ, ತಿರುಗಿ ಓಡುತ್ತದೆ, ಮತ್ತೆ ಬರುತ್ತದೆ. ದೊಡ್ಡವರು ಹಿಂದೆ ಕುಳಿತಿದ್ದಾರೆ. ಸಂಕಲನಕಾರ ಕತ್ತರಿಸುವುದಿಲ್ಲ. ಮಗು ದಣಿಯುವವರೆಗೂ ನಾವು ನೋಡಬೇಕು. ಮೊದಮೊದಲು ಏನಾದರೂ ಕೆಟ್ಟದ್ದು ಸಂಭವಿಸಬಹುದೆಂದು ಕಾಯುತ್ತೇವೆ, ಕಪ್ಪು ಮಗು ಪರದೆಯ ಮೇಲೆ ಬಂದರೆ ಹಾಗೆ ಕಾಯುವ ಅಭ್ಯಾಸ ನಮಗೆ ಆಗಿಬಿಟ್ಟಿದೆ. ಏನೂ ಆಗುವುದಿಲ್ಲ. ಅದು ಆಡುತ್ತಿದೆ, ಅಷ್ಟೇ.

ನೀವು ಧಾರವಾಡದಲ್ಲಿದ್ದೀರಿ, ಅಲ್ಲಿಂದ ಹಳಿಯಾಳ, ಯಲ್ಲಾಪುರ ದೂರವೇನಲ್ಲ. ಆಫ್ರಿಕಾ ಮೂಲದ ಸಿದ್ದಿ ಜನ ಅಲ್ಲಿದ್ದಾರೆ, ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರು, ಕನ್ನಡ ಕೊಂಕಣಿ ಆಡುವವರು, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಓಟಕ್ಕಾಗಿ ಆರಿಸಿ ಕರೆದೊಯ್ದಿತು, ಆಫ್ರಿಕಾದ ಮೈ ಎಂದರೆ ಓಟದ ಮೈ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹೊರಗಿನ ಕ್ಯಾಮೆರಾಗಳೂ ಹೆಚ್ಚಾಗಿ ಡಮಾಮಿ ಕುಣಿತಕ್ಕೇ ಹೋಗಿ ನಿಲ್ಲುತ್ತವೆ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಹೆಂಗಸು, ಅರಣ್ಯ ಇಲಾಖೆಯ ಕಾಗದಪತ್ರ ಹಿಡಿದು ಓಡಾಡುವ ರೈತ, ಕಾನೂನು ಓದುವ ಹುಡುಗಿ ಆ ಚೌಕಟ್ಟಿಗೆ ಬರುವುದು ಕಡಿಮೆ. ಆದರೆ ಸಿದ್ದಿಗಳನ್ನು ಅಮೆರಿಕದ ಕಪ್ಪು ಜನರ ಇನ್ನೊಂದು ಪ್ರತಿಯೆಂದು ತರಗತಿಯಲ್ಲಿ ಪರಿಚಯಿಸಬೇಡಿ. ಅವರ ಇತಿಹಾಸ ಬೇರೆ, ಗೋವೆಯ ಪೋರ್ಚುಗೀಸರದು, ಪಶ್ಚಿಮ ಘಟ್ಟದ ಕಾಡಿನದು.

ಕೆಲಸದ ಮಾತು ಇಷ್ಟು. ಮೊದಲ ದಿನ ಮೆಕೂ ಅವರ ಆ ಕೆಲವು ನಿಮಿಷಗಳನ್ನು ಮಾತ್ರ ತೋರಿಸಿ ಮಕ್ಕಳಿಗೆ ಮಾತನಾಡಲು ಬಿಡಿ. ಆಮೇಲೆ 'ಐ ಆ್ಯಮ್ ಸಮ್‌ಬಡಿ', ಒಂದು ತರಗತಿಯ ಅವಧಿಯಲ್ಲಿ ಮುಗಿಯುತ್ತದೆ. 'ಬ್ಲ್ಯಾಕ್ ಈಸ್... ಬ್ಲ್ಯಾಕ್ ಏಂಟ್' ಒಂದೂವರೆ ಗಂಟೆಯದು, ಶನಿವಾರ ಇಟ್ಟುಕೊಳ್ಳಿ. ಅದರಲ್ಲಿ ನಗ್ನತೆ ಇದೆ, 'ಟಂಗ್ಸ್ ಅನ್‌ಟೈಡ್'ನಲ್ಲಿ ಅದರ ಜೊತೆಗೆ ಒರಟು ಲೈಂಗಿಕ ಮಾತುಗಳೂ ಇವೆ. ನೀವು ಮೊದಲು ಒಬ್ಬರೇ ನೋಡಿ, ಮಕ್ಕಳಿಗೆ ಮುಂಚಿತವಾಗಿ ಹೇಳಿ, ಬೇಡವೆಂದವರಿಗೆ ಬಿಡುವು ಕೊಡಿ. ಪ್ರತಿ ಚಿತ್ರ ಮುಗಿದಾಗಲೂ ಒಂದೇ ಪ್ರಶ್ನೆ ಹಾಕಿ: ಈ ಚಿತ್ರ ಯಾರೊಡನೆ ಮಾತನಾಡುತ್ತಿದೆ? ನಮ್ಮಂಥ ನೆಂಟರೊಡನೆಯೋ, ಮನೆಯವರೊಡನೆಯೋ? ಗಂಬೊ ದೃಶ್ಯ ಬಂದ ದಿನ ಯಾರಾದರೂ ಬೆಂಡೆಕಾಯಿ ಗೊಜ್ಜು ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ನಿಮ್ಮ ಆ ವಿದ್ಯಾರ್ಥಿನಿ ಏನೆಂದಳು ಎಂದು ಮರೆಯದೆ ಬರೆದು ತಿಳಿಸಿ.